ಸೀರೆಗಳು ಮೊದಲು ಹೋದ ಊರು

ಅಥವಾ ಲಾಲ್‌ಬಾಗಿಗೆ ಹೋದದ್ದು ಮೊದಲ ದಿನವೇ ಇರಬಹುದು. ಬಂಡೆಯ ಮೇಲೆ ಕೂತ ದೊಡ್ಡವ್ವನ ಮುಖದ ಮೇಲೆ ಸಂಜೆಯ ಬಿಸಿಲಿತ್ತು ಎಂದು ನನ್ನ ನೆನಪು ಹೇಳುತ್ತದೆ. ಮೊಬೈಲಿನಲ್ಲಿರುವ ಫೋಟೊ ಮಾತ್ರ ಭಾನುವಾರ ಬೆಳಿಗ್ಗೆ, ಅಂದರೆ ಎರಡನೆಯ ದಿನ, ಎನ್ನುತ್ತದೆ. ಫೋಟೊವನ್ನೇ ನಂಬಬೇಕು, ಸರಿ. ಆದರೆ ಆ ಸಂಜೆಯ ಬಿಸಿಲನ್ನು ನಾನು ಎಲ್ಲಿಂದ ತಂದೆ? ಬೇರೆ ಯಾವುದೋ ದಿನದ, ಬೇರೆ ಯಾರದೋ ಮುಖದ ಮೇಲಿನದನ್ನು ಎತ್ತಿ ತಂದು ಇವಳಿಗೆ ಹಚ್ಚಿದ್ದೇನೆ ಎನಿಸುತ್ತದೆ. ಹಾಗಾಗಿ ಈ ಬರಹದಲ್ಲಿ ಬೆಳಕಿನ ಬಗ್ಗೆ ಬರುವ ಯಾವ ಮಾತನ್ನೂ ನಂಬಬೇಕಾಗಿಲ್ಲ.

ಬಟ್ಟೆಯ ಬಗ್ಗೆ ಹೇಳುವುದನ್ನು ನಂಬಬಹುದು. ಬಹುಮಟ್ಟಿಗೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಹಡಗಲಿಯ ಹತ್ತಿರ ಅವಳಿಗೆ ಅರ್ಧ ಎಕರೆ ಮಲ್ಲಿಗೆ ತೋಟವಿತ್ತು. ಸೂರ್ಯ ಹುಟ್ಟುವ ಮೊದಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬೈಕಿನ ಮೇಲೆ ಬರುವ ಹೂವಿನ ಏಜೆಂಟನ ಕೈಗೆ ಕೊಡುವುದು ಅವಳು ಮದುವೆಯಾಗಿ ಬಂದಾಗಿನಿಂದ ಮಾಡುತ್ತಿದ್ದ ಕೆಲಸ. ಆ ಒದ್ದೆ ಬಟ್ಟೆ ಅವಳದೇ ಹಳೆಯ ಸೀರೆಯ ತುಂಡು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ ನೀರನ್ನು ಹಿಡಿದಿಡುತ್ತದೆ, ಮೊಗ್ಗು ದಾರಿಯಲ್ಲೇ ಬಾಯಿ ಬಿಡುವುದಿಲ್ಲ ಎನ್ನುತ್ತಾಳೆ. ಹೋದ ತುಂಡು ಮರಳಿ ಬರುವುದಿಲ್ಲ. ಹೂವು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಏಜೆಂಟ "ಬೆಂಗಳೂರಿಗೇ ರೀ" ಎನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಹೇಳುತ್ತಿದ್ದನಂತೆ.

"ನಾ ನೋಡದಿದ್ರ ಏನಾತು, ನನ್ನ ಸೀರಿ ಎಲ್ಲಾ ಬೆಂಗಳೂರು ನೋಡಿ ಬಂದಾವ," ಎಂದು ದೊಡ್ಡವ್ವ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು.

"ಬಂದಾವ ಅಂತೀಯಲ್ಲಬೇ, ಒಂದರ ಬಂದೈತೇನು? ಹೋಗ್ಯಾವ ಅನ್ನು," ಎಂದು ಅವಳ ಮಗ, ನನ್ನ ಅಣ್ಣ, ಕಿಚಾಯಿಸುತ್ತಿದ್ದ.

ನಾವು ಬೆಂಗಳೂರಿಗೆ ಹೋದ ಆ ಬೇಸಿಗೆಯಲ್ಲಿ ಅವನು ಮಲ್ಲಿಗೆ ಕಿತ್ತು ಮೆಕ್ಕೆಜೋಳ ಹಾಕುತ್ತೇನೆ ಎಂದ. ಹೂ ಬಿಡಿಸಲು ಆಳು ಸಿಗುತ್ತಿರಲಿಲ್ಲ, ದೊಡ್ಡವ್ವನ ಮೊಣಕಾಲು ಬಗ್ಗುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೋಮವಾರಕ್ಕೆ ಜೇಸಿಬಿಯನ್ನೂ ಹೇಳಿದ್ದ. ದೊಡ್ಡವ್ವ ಅಳಲಿಲ್ಲ, ಕೂಗಾಡಲಿಲ್ಲ.

"ಸೋಮವಾರದ ಮಟ ತಡಿ. ನನ್ನ ಹೂ ಖರೇವಂದ್ರೂ ಬೆಂಗಳೂರಿಗೆ ಹೋಗ್ತಾವೋ ಇಲ್ಲೋ ನೋಡಿ ಬರ್ತೀನಿ. ಹೋಗ್ತಿದ್ರ ಗಿಡ ಮುಟ್ಟಂಗಿಲ್ಲ. ಇಲ್ಲಾಂದ್ರ ನಾನ ನಿಂತು ಕೀಳಸ್ತೀನಿ."

"ಅಷ್ಟು ದೊಡ್ಡ ಊರಾಗ ನಿನ್ನ ಹೂ ಯಾವು ಅಂತ ಹೆಂಗ ಹುಡುಕ್ತಿ?"

"ಹೂ ಯಾರು ಹುಡುಕ್ತಾರಲೇ? ಸೀರಿ ಹುಡುಕ್ತೀನಿ."

ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಕೊಟ್ಟೂರಿನಲ್ಲಿ ಕೆಲಸ ಮಾಡುವ ನಾನು ಶುಕ್ರವಾರ ರಾತ್ರಿಯೇ ಅವಳ ಮನೆಗೆ ಬಂದೆ. ಬೆಳಗಿನ ಜಾವ ಅವಳು ಮೊಗ್ಗು ಬಿಡಿಸಿ ತಂದಳು. ಆಮೇಲೆ ಕೆಂಪು ದಡಿಯ ಹಸಿರು ಇಳಕಲ್ ಸೀರೆಯನ್ನು ಹರಿದು ಒಂದು ತುಂಡು ಮಾಡಿದಳು. ದಡಿ ಇದ್ದ ಮೂಲೆಯಲ್ಲಿ ಹಳದಿ ದಾರದಿಂದ ಕೌದಿ ಹೊಲಿಯುವಂತೆ ಏಳೆಂಟು ಸಣ್ಣ ಹೊಲಿಗೆ ಹಾಕಿದಳು. ಏಜೆಂಟನಿಗೆ ಏನೂ ಹೇಳಲಿಲ್ಲ. ಅವನ ಬೈಕು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ನಮ್ಮ ಚೀಲ ಎತ್ತಿಕೊಂಡೆವು. ಹೀಗೆ ಹೂವೂ ನಾವೂ ಒಂದೇ ಬೆಳಿಗ್ಗೆ ಊರು ಬಿಟ್ಟೆವು.

ಹರಪನಹಳ್ಳಿ ದಾಟಿ ದಾವಣಗೆರೆಯವರೆಗೆ ಬಸ್ಸು, ಅಲ್ಲಿಂದ ರೈಲು. ರೈಲಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಳು. ದೂರದ ಹೆದ್ದಾರಿಯಲ್ಲಿ ಬಸ್ಸುಗಳು ನಮ್ಮ ಜೊತೆಯೇ ಓಡುತ್ತಿದ್ದವು, ಹಿಂದೆ ಬೀಳುತ್ತಿದ್ದವು, ಮತ್ತೆ ಎಲ್ಲಿಂದಲೋ ಮುಂದೆ ಕಾಣುತ್ತಿದ್ದವು.

"ಆ ಬಸ್ಸಿನಾಗ ಇರಬಹುದು ನೋಡು."

"ಇರಬಹುದು ದೊಡ್ಡವ್ವ."

"ಈಗ ಬಾಯಿ ಬಿಡಾಕ ಹತ್ತಿರತಾವ. ಒಳಗ ಸೆಕಿ ಆಗಿರತೈತಿ ಪಾಪ."

ಆ ಮಾತಿನ ನಂತರ ನನಗೆ ಜೋಂಪು ಹತ್ತಿರಬೇಕು. ರೈಲಿನ ಡಬ್ಬಿಯ ತುಂಬ ಮಲ್ಲಿಗೆಯ ವಾಸನೆ ಇತ್ತು ಎಂಬುದು ನೆನಪಿದೆ. ಯಾರಾದರೂ ಮುಡಿದಿದ್ದರೇ, ದೊಡ್ಡವ್ವನ ಬೆರಳಿನಿಂದ ಬರುತ್ತಿತ್ತೇ, ಕನಸಿನ ವಾಸನೆಯೇ, ಹೇಳಲಾರೆ. ಅವಳ ಬೆರಳು ಎಷ್ಟು ತೊಳೆದರೂ ಹಾಗೇ ಇರುತ್ತವೆ.

ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಎರಡು ದಿನದ ಬೆಂಗಳೂರು: ಮಾರ್ಕೆಟ್ಟು, ಲಾಲ್‌ಬಾಗ್, ಕಬ್ಬನ್ ಪಾರ್ಕು, ವಿಧಾನಸೌಧ, ಮ್ಯೂಸಿಯಂ, ಮೆಟ್ರೊ, ಒಂದು ಮಾಲು, ಮಸಾಲೆ ದೋಸೆ. ಆ ಚೀಟಿ ಈಗಲೂ ಇದೆ. ಎಲ್ಲದರ ಮುಂದೆಯೂ ಪೆನ್ನಿನಲ್ಲಿ ಗುರುತು ಹಾಕಿದ್ದೇನೆ, ಮ್ಯೂಸಿಯಮ್ಮಿನ ಮುಂದೆಯೂ. ನಾವು ಮ್ಯೂಸಿಯಮ್ಮಿಗೆ ಹೋಗಿಯೇ ಇಲ್ಲ. ಹೋಗಿದ್ದೆವೆ? ಒಂದು ಕಲ್ಲಿನ ವಿಗ್ರಹದ ಮುಂದೆ ದೊಡ್ಡವ್ವ ಚಪ್ಪಲಿ ಬಿಟ್ಟು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ನೀಲಗುಂದದ ಗುಡಿಯಲ್ಲಿ ನೋಡಿದ್ದೂ ಇರಬಹುದು.

ಮೆಟ್ರೊ ಮಾತ್ರ ಖಂಡಿತ. ಮೆಟ್ಟಿಲು ತಾನೇ ಇಳಿಯುವುದನ್ನು ಕಂಡು ದೊಡ್ಡವ್ವ ಅಂಚಿನಲ್ಲಿ ನಿಂತೇಬಿಟ್ಟಳು. ಹಿಂದಿನವರು ನಮ್ಮನ್ನು ಬಳಸಿ ಮುಂದೆ ಹೋದರು.

"ಕಾಲು ಇಡು ದೊಡ್ಡವ್ವ, ನಾ ಹಿಡಕೊಂಡೀನಿ."

"ತಡಿಯವ್ವಾ. ಇದು ಒಂದು ಸಲ ನಿಲ್ಲಲಿ, ಹತ್ತತೀನಿ."

ಅದು ನಿಲ್ಲಲಿಲ್ಲ. ಕೊನೆಗೆ ಅವಳೇ, ಹಳ್ಳ ದಾಟುವಾಗ ಮಾಡುವಂತೆ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಕಾಲಿಟ್ಟಳು. ನೆಲದೊಳಕ್ಕೆ ಇಳಿಯುವಾಗ ಅವಳ ಮುಖದಲ್ಲಿ ನಗು ಇತ್ತು. ಮೇಲೆ ಬಂದಾಗ ಮಾರ್ಕೆಟ್ಟು. ಅಲ್ಲಿ ಇನ್ನೂ ಬೆಳಕಿತ್ತು. (ಬೆಳಕಿನ ಬಗ್ಗೆ ಆಗಲೇ ಹೇಳಿದ್ದೇನೆ.)

ಚೆಂಡುಹೂವಿನ ಗುಡ್ಡೆ, ಸೇವಂತಿಗೆಯ ಗುಡ್ಡೆ, ಕನಕಾಂಬರ, ನೆಲವೆಲ್ಲ ತುಳಿದ ಎಸಳು. ದೊಡ್ಡವ್ವ ಒಂದು ಹೂವನ್ನೂ ನೋಡಲಿಲ್ಲ. ಹೂವಿನ ಕೆಳಗೆ ನೋಡುತ್ತ ನಡೆದಳು. ಗೋಣಿಚೀಲ, ಪ್ಲಾಸ್ಟಿಕ್ ಹಾಳೆ, ಬಾಳೆ ಎಲೆ, ಹಳೆಯ ಪೇಪರು. ಎಲ್ಲಾದರೂ ಬಟ್ಟೆ ಕಂಡರೆ ಬಗ್ಗಿ ಮೂಲೆ ತಿರುವಿ ನೋಡುವಳು. ಬಗ್ಗದ ಮೊಣಕಾಲು ಅಲ್ಲಿ ಬಗ್ಗುತ್ತಿತ್ತು.

"ಏನಜ್ಜಿ, ಹೂವು ಬಿಟ್ಟು ಗೋಣಿಚೀಲ ನೋಡ್ತಿದ್ದೀಯಲ್ಲ! ಮೊಳ ಮಲ್ಲಿಗೆ ತಗೋ," ಎಂದ ಒಬ್ಬ ವ್ಯಾಪಾರಿ, ಮಾಲೆಯನ್ನು ತನ್ನ ಕೈಗೆ ಅಳೆಯುತ್ತ.

"ನಿನ್ನ ಮೊಳ ಯಾಕಪ್ಪಾ ಮೊಣಕೈ ಮುಟ್ಟೂದ ಇಲ್ಲ?"

"ಬೆಂಗಳೂರಲ್ಲಿ ಜಾಗ ಕಮ್ಮಿ ಅಜ್ಜಿ, ಕೈನೂ ಗಿಡ್ಡ!"

ಸುತ್ತಲಿನವರು ನಕ್ಕರು. ದೊಡ್ಡವ್ವನೂ ನಕ್ಕಳು. ನಗುತ್ತಲೇ ಅವನ ಬುಟ್ಟಿಯ ಬಟ್ಟೆಯ ಮೂಲೆ ತಿರುವಿದಳು. ಅದು ನೀಲಿ ಹೂವಿನ ಚಿತ್ತಾರದ ಬಟ್ಟೆ, ಅಂಚು ಸವೆದು ಎಳೆ ಎದ್ದಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ಸವರಿದಳು.

"ಇದೂ ಯಾರದೋ ಸೀರಿ ನೋಡು," ಎಂದಳು. "ಭಾಳ ವರ್ಷ ಉಟ್ಟಾಳ."

ಆಮೇಲೆ ನನಗೂ ಹೂವು ಕಾಣದಂತಾಯಿತು. ಎಲ್ಲಿ ನೋಡಿದರೂ ಸೀರೆ. ಯಾವ ಯಾವುದೋ ಊರಿನ, ಮುಖ ಕಾಣದ ಹೆಂಗಸರು ತಮ್ಮ ತಮ್ಮ ತುಂಡುಗಳನ್ನು ಒದ್ದೆ ಮಾಡಿ ಇಲ್ಲಿಗೆ ಕಳಿಸಿ, ಮನೆಯಲ್ಲಿ ಕೂತಿದ್ದರು. ಆ ಸಂತೆಯ ತುಂಬ ಅವರೇ ನಿಂತಂತಿತ್ತು. ಹೀಗೆ ಬರೆಯುವಾಗ ನಾನು ಹೆಚ್ಚು ಮಾಡಿ ಹೇಳುತ್ತಿದ್ದೇನೆಯೇ? ಇರಬಹುದು. ಮೂರೋ ನಾಲ್ಕೋ ಬಟ್ಟೆ ಕಂಡದ್ದನ್ನು ನೂರು ಮಾಡಿರಬಹುದು. ಹಸಿರು ತುಂಡು ಸಿಗಲಿಲ್ಲ ಎಂಬುದಂತೂ ನಿಜ. ದೀಪ ಹತ್ತುವ ಹೊತ್ತಿಗೆ ಹತ್ತಿರದ ಒಂದು ಲಾಡ್ಜಿಗೆ ಹೋದೆವು. ತಂದಿದ್ದ ಕಟಕು ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

"ಸಿಗಲಿಲ್ಲಂದ್ರ ಬಂದಿಲ್ಲ ಅಂತಲ್ಲ," ಎಂದೆ.

"ಗೊತ್ತೈತಿ," ಎಂದಳು. "ಆದ್ರ ಬಂದಾವ ಅಂತನೂ ಅಲ್ಲ."

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್. ಬಂಡೆಯನ್ನು ನೋಡಿ ಅವಳಿಗೆ ಸಿಟ್ಟೇ ಬಂತು.

"ಇದನ್ನ ತೋರಸಾಕ ಇಷ್ಟು ದೂರ ಕರಕೊಂಡು ಬಂದೇನು? ಕೂಡ್ಲಿಗಿ ದಾಟಿದ್ರ ಇಂಥಾವು ಹೊಲಕ್ಕೊಂದು ಬಿದ್ದಾವ. ಟಿಕೀಟು ಬ್ಯಾರೆ!"

ಬೈಯುತ್ತಲೇ ಹತ್ತಿದಳು. ತುದಿಯಲ್ಲಿ ಕೂತು ಸುತ್ತಲಿನ ಕಟ್ಟಡಗಳನ್ನು ನೋಡಿದಳು. ಆಗ ತೆಗೆದದ್ದೇ ಆ ಫೋಟೊ. "ಇಷ್ಟು ಮನಿಯಾಗ ಯಾರರ ಒಬ್ಬಾಕಿ ಮುಡದಿರತಾಳ," ಎಂದಳು. ಅದು ಪ್ರಶ್ನೆಯಂತಿರಲಿಲ್ಲ.

ಕೆಳಗೆ ಇಳಿದು ಗೇಟಿನಿಂದ ಹೊರಗೆ ಬಂದಾಗ ಫುಟ್‌ಪಾತಿನ ಮೇಲೆ ಒಬ್ಬಳು ಹೂ ಕಟ್ಟುತ್ತ ಕೂತಿದ್ದಳು. ಅವಳ ಬುಟ್ಟಿಗೆ ಮುಚ್ಚಿದ ಒದ್ದೆ ಬಟ್ಟೆ ಕಪ್ಪು ಎನ್ನುವಷ್ಟು ಹಸಿರಾಗಿತ್ತು. ಒಂದು ಕಡೆ ಕೆಂಪು ದಡಿ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಒಂದು ಸಲ ಬರೆದಾಗ ದೊಡ್ಡವ್ವ ಓಡಿದಳು. ಅವಳು ಓಡಲಾರಳು, ಅದು ಸುಳ್ಳು. ಇನ್ನೊಂದು ಸಲ ಬರೆದಾಗ ನಾನೇ ಮೊದಲು ನೋಡಿ ತೋರಿಸಿದೆ. ಅದೂ ಸುಳ್ಳಿರಬೇಕು. ನಾನು ಆಗ ಕಬ್ಬನ್ ಪಾರ್ಕಿಗೆ ಆಟೊ ಹುಡುಕುತ್ತಿದ್ದೆ. ತಿರುಗಿ ನೋಡಿದಾಗ ಅವಳು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಹತ್ತಿರ ಬರುವಷ್ಟರಲ್ಲಿ ಮಾತು ಶುರುವಾಗಿತ್ತು.

"ಈ ಅರಿವಿ ಎಲ್ಲಿಂದು ತಂಗಿ?"

"ಬಟ್ಟೇನಾ? ಮಾರ್ಕೆಟ್ಟಲ್ಲಿ ಹೂವಿನ ಜೊತೆ ಬರುತ್ತಮ್ಮ. ಯಾವೂರದೋ ಏನೋ."

"ನಿನ್ನೀದೇನು?"

"ನಿನ್ನೇದೋ ಮೊನ್ನೇದೋ, ಯಾರು ನೆನಪಿಟ್ಕೋತಾರೆ? ಹೂವು ಬೇಕಾ?"

ದೊಡ್ಡವ್ವ ನನಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಕೈ ಬಟ್ಟೆಯ ದಡಿಯ ಗುಂಟ ಮೂಲೆಯವರೆಗೆ ಹೋಯಿತು. ಮೂಲೆಯನ್ನು ತಿರುವಿತು. ಅಷ್ಟು ನನಗೆ ಕಂಡಿತು. ಬೆನ್ನು, ಭುಜ, ಬುಟ್ಟಿಯ ಅಂಚು. ಏನೋ ತೋಚಿ ಒಂದು ಫೋಟೊ ತೆಗೆದೆ. ಅದರಲ್ಲೂ ಅಷ್ಟೇ ಇದೆ. ಎಷ್ಟು ದೊಡ್ಡದು ಮಾಡಿದರೂ ಮೂಲೆ ಅವಳ ಅಂಗೈಯ ಕೆಳಗೇ ಇರುತ್ತದೆ, ಆಮೇಲೆ ಎಲ್ಲವೂ ಹಸಿರು ಕೆಂಪು ಚೌಕಗಳಾಗಿ ಒಡೆಯುತ್ತದೆ. ಒಂದು ಚೌಕ ಹಳದಿಯಾಗಿದೆ. ಆದರೆ ಅವಳ ಬಳೆಯೊಂದೂ ಹಳದಿ.

ಅವಳು ಒಂದು ಮೊಳ ಕೊಂಡು, ಅಲ್ಲೇ ನಿಂತು ನನಗೆ ಮುಡಿಸಿದಳು.

"ಸಿಕ್ತೇನು ದೊಡ್ಡವ್ವ?"

"ನಡಿ. ರೈಲಿಗೆ ಹೊತ್ತಾತು."

ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ನಡೆದೆವು. ವಿಧಾನಸೌಧದ ಮುಂದೆ ರಸ್ತೆಯ ಈಚೆ ನಿಂತೆವು. ಅವಳು ಎಲ್ಲವನ್ನೂ ಚೆನ್ನಾಗಿದೆ ಎಂದಳು. ನಾನು ಕೇಳುವುದಕ್ಕೆ ಬಾಯಿ ತೆರೆದಾಗಲೆಲ್ಲ ಬೇರೆ ಏನನ್ನೋ ತೋರಿಸಿ ಮಾತು ಹೊರಳಿಸಿದಳು. ಮಾಲಿನಲ್ಲಿ ದೋಸೆ ತಿಂದೆವೇ, ದೋಸೆ ತಿಂದು ಮಾಲಿಗೆ ಹೋದೆವೇ ಎಂಬುದು ಕಲಸಿಹೋಗಿದೆ. ನನ್ನ ತಲೆಯಲ್ಲಿ ಮಾತ್ರ ಆ ಹೂವು ದಾವಣಗೆರೆಯವರೆಗೂ ಅರಳುತ್ತಲೇ ಇತ್ತು.

ಸೋಮವಾರ ಬೆಳಿಗ್ಗೆ ಜೇಸಿಬಿ ತೋಟದ ಬದಿಗೆ ಬಂದು ನಿಂತಿತು. ಅಣ್ಣ ಅವಳ ಮುಖ ನೋಡಿದ.

"ಹೇಳಬೇ. ಹೋಗ್ತಾವೋ ಇಲ್ಲೋ?"

ದೊಡ್ಡವ್ವ ಸಾಲುಗಳ ನಡುವೆ ನಡೆದು ಹೋಗಿ ಬಾವಿಯ ಹತ್ತಿರ ನಿಂತು ತಿರುಗಿದಳು.

"ಬಾವಿ ಕಡೀ ನಾಕು ಸಾಲು ಬಿಡು. ಉಳದದ್ದು ನಿಂದು."

"ಅಂದ್ರ? ಸೀರಿ ಸಿಕ್ತೋ ಇಲ್ಲೋ?"

"ನಾಕು ಸಾಲು ಅಂದ್ನೆಲ್ಲ. ಕಿವಿ ಕೇಳಸ್ತಾವಿಲ್ಲೋ?"

ಆ ನಾಲ್ಕು ಸಾಲು ಈಗಲೂ ಇವೆ. ಅವಳಿಗೆ ಬಿಡಿಸಲು ಆಗುವಷ್ಟೇ ಇವೆ. ಅದಕ್ಕೇ ನಾಲ್ಕು ಎಂದಳು ಎಂದು ಅಣ್ಣ ಹೇಳುತ್ತಾನೆ. ಅವನು ಹೇಳುವುದು ಸರಿ ಇರಬಹುದು. ಏಜೆಂಟ ಈಗಲೂ ಬರುತ್ತಾನೆ. ಆದರೆ ದೊಡ್ಡವ್ವ ಸೀರೆ ಹರಿಯುವುದನ್ನು ಬಿಟ್ಟಿದ್ದಾಳೆ. ಮೊಗ್ಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಾಳೆ. ತನ್ನ ಸೀರೆಯನ್ನು ಅಲ್ಲಿ ಫುಟ್‌ಪಾತಿನ ಮೇಲೆ ನೋಡಿದ್ದಕ್ಕೆ ಹಾಗೆ ಮಾಡಿದಳೇ, ನೋಡದೆ ಇದ್ದದ್ದಕ್ಕೆ ಮಾಡಿದಳೇ? ಹೋದ ಸಲ ಕೇಳಿದಾಗ, "ಸಿಕ್ಕಿತ್ತವ್ವಾ," ಎಂದಳು. ಅದಕ್ಕೂ ಮೊದಲು ಕೇಳಿದಾಗ, "ಎಲ್ಲೀದು, ಅದು ಯಾರದೋ," ಎಂದಿದ್ದಳು. ಎರಡನ್ನೂ ಒಂದೇ ದನಿಯಲ್ಲಿ, ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಹೇಳಿದಳು.

ನಾನು ಅಂದು ಎರಡು ಹೆಜ್ಜೆ ಮುಂದೆ ಇಟ್ಟಿದ್ದರೆ ಕಾಣುತ್ತಿತ್ತು. ಇಡಲಿಲ್ಲ. ಆ ಮೂಲೆಯಲ್ಲಿ ಹಳದಿ ಹೊಲಿಗೆ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.