ಹಾಲಮ್ಮ ಓದಿದ ಅರ್ಜಿ

ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವ ಹಾಲಮ್ಮ ಏಳನೇ ಕ್ಲಾಸು ಪಾಸು. ಅವಳ ವಾರಿಗೆಯ ಹೆಂಗಸರಲ್ಲಿ ಕೇರಿಗೆಲ್ಲ ಓದಲು ಬಲ್ಲವಳು ಅವಳೊಬ್ಬಳೇ. ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಕೋರ್ಟಿನ ನೋಟೀಸು, ಏನೇ ಬಂದರೂ ಅವಳ ಹೊಸಿಲಿಗೇ ಬರಬೇಕು. ಅದರ ಗತ್ತು ಅವಳಿಗಿತ್ತು. ಇರಬೇಕಾದ್ದೇ. ಕ್ಲಾಸಿನ ಬಾಗಿಲ ಬಳಿ ಬೇರೆಯಾಗಿ ಕೂತು ಕಲಿತ ಅಕ್ಷರ ಅದು.

ಡಿಸೆಂಬರಿನಲ್ಲಿ ಹೆಡ್‌ಮಾಸ್ಟರು ಅಡುಗೆಕೋಣೆಯ ಬಾಗಿಲಿಗೇ ಬಂದರು. ಕೈಯಲ್ಲಿ ಐದು ಅರ್ಜಿ, ಈ ವರ್ಷದ ಪರೀಕ್ಷೆಯಿಂದ ಹೆಸರು ತೆಗೆಸಲು. ಎಸ್ಸೆಸ್ಸೆಲ್ಸಿಗೆ ಕೂರಬೇಕಾದ ಅರವತ್ತೆರಡು ಮಕ್ಕಳಲ್ಲಿ ಐವರ ಹೆಸರು. ಐವರೂ ಕೇರಿಯವರೇ. ಮೊದಲನೆಯದು ಹಾಲಮ್ಮನ ಮಗಳು ವೇದಾಳದು.

"ಈ ವರ್ಷ ಕೂತ್ರೆ ಫೇಲಾಗ್ತಾರೆ ಹಾಲಮ್ಮ. ಮುಂದಿನ ವರ್ಷ ಹೊರಗಿಂದ ಕಟ್ಟಿಸೋಣ, ಸಲೀಸು. ಉಳಿದೋರಿಗೂ ನೀನೇ ಹೇಳು, ನಿನ್ನ ಮಾತು ಕೇಳ್ತಾರೆ."

ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬೇಕಿತ್ತು. ಅದನ್ನು ಅವರು ಹೇಳಲಿಲ್ಲ. ಹಾಲಮ್ಮ ಸಹಿ ಹಾಕಿದಳು. ಸಂಜೆ ಮನೆಮನೆಗೆ ಹೋಗಿ ಓದಿ ಹೇಳಿ, ನಾಲ್ಕು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು.

"ಅರ್ಧವಾರ್ಷಿಕದಲ್ಲಿ ಗಣಿತ ಒಂದು ಬಿಟ್ಟು ಎಲ್ಲದ್ರಲ್ಲೂ ಪಾಸಾಗಿದ್ದೆ ನಾನು. ನನ್ನ ಒಂದು ಮಾತು ಕೇಳಬಾರದಿತ್ತೇನಮ್ಮ?" ಎಂದಳು ವೇದಾ.

ದಲಿತ ಸಂಘದ ಯೋಗೇಶನಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಜನವರಿ. ತಾಯಂದಿರನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಶಿಕ್ಷಣ ಇಲಾಖೆ ಕಚೇರಿಗೆ ಕರೆದೊಯ್ದ. ದಾರಿಯುದ್ದಕ್ಕೂ ಹಾಲಮ್ಮನಿಗೆ ಒಂದೇ ಪಾಠ: "ಅಕ್ಕಾ, ಸಹಿ ಒಂದೇ ಬರೋದು, ಓದಕ್ಕೆ ಬರಲ್ಲ ಅನ್ನು. ಏನು ಬರೆದಿತ್ತೋ ಗೊತ್ತಿಲ್ಲ ಅನ್ನು. ಅಷ್ಟಾದ್ರೆ ಹೆಸರು ವಾಪಸ್ ಸೇರಿಸ್ತಾರೆ."

"ಇವತ್ತೊಂದಿನ ದಡ್ಡಿಯಾಗಿರು ಮಾರಾಯ್ತಿ," ಎಂದು ಪಕ್ಕದ ಮನೆಯ ದುರ್ಗಮ್ಮ ತಿವಿದಳು. "ನಾವು ದಿನಾ ಇಲ್ವಾ?"

ಹಾಲಮ್ಮ ಹೂಂ ಅಂದಿದ್ದಳು.

ಅಧಿಕಾರಿ ಅರ್ಜಿಗಳನ್ನು ಮೇಜಿನ ಮೇಲೆ ಹರಡಿದ. "ಓದೋಕೆ ಬರಲ್ವಂತೆ?" ಎಂದವನು ಉತ್ತರಕ್ಕೂ ಕಾಯದೆ ಯೋಗೇಶನ ಕಡೆ ತಿರುಗಿ ನಕ್ಕ. "ಇವರಿಗೆಲ್ಲ ಎಲ್ಲಿಂದ ಬರಬೇಕು ಬಿಡಿ. ತಾಯಂದಿರೇ ಹಿಂಗಿದ್ರೆ ಮಕ್ಕಳ ತಲೆಗೆ ಏನು ಹತ್ತುತ್ತೆ?"

ಹಾಲಮ್ಮ ಅರ್ಜಿ ಎತ್ತಿಕೊಂಡಳು. ನಿಂತಲ್ಲೇ ಓದಿದಳು: "ನನ್ನ ಮಗಳು ಕಲಿಕೆಯಲ್ಲಿ ಹಿಂದುಳಿದಿರುವುದರಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ..." ಕೊನೆಯ ಸಾಲಿನವರೆಗೂ ಓದಿದಳು. ಒಂದಕ್ಷರ ತಡವರಿಸಲಿಲ್ಲ.

ಅಧಿಕಾರಿ ಕಾಗದ ಇಸಿದುಕೊಂಡು ಫೈಲಿಗೆ ಸೇರಿಸಿದ. "ತಿಳಿದೇ ಕೊಟ್ಟಿದ್ದೀರಲ್ಲ ಮತ್ತೆ. ಉಳಿದೋರಿಗೂ ನೀವೇ ಓದಿ ಹೇಳಿರ್ತೀರಿ."

ಅಲ್ಲಿಗೆ ಮುಗಿಯಿತು. ಯೋಗೇಶ ಕಚೇರಿಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. "ನಿನ್ನ ಓದಿಗೆ ಬೆಂಕಿ ಹಾಕ" ಎಂದ ದುರ್ಗಮ್ಮ ವಾಪಸ್ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಮಾರ್ಚ್‌ನಲ್ಲಿ ಐವತ್ತೇಳು ಮಕ್ಕಳು ಪರೀಕ್ಷೆ ಬರೆದರು. ಐವತ್ತೇಳೂ ಪಾಸು. ವೇದಾ ಗಾಂಧಿ ಬಜಾರಿನ ಸೀರೆ ಅಂಗಡಿಗೆ ಸೇರಿದಳು. ಬೆಳಗ್ಗೆ ಎಂಟರ ಬಸ್ಸಿಗೆ ಶಿವಮೊಗ್ಗಕ್ಕೆ ಹೋದರೆ, ಗಿರಾಕಿ ಕೆದರಿಹೋದ ಸೀರೆಗಳನ್ನು ಮಡಚುವುದೇ ದಿನವಿಡೀ ಕೆಲಸ.

"ಹೊರಗಿಂದ ಕಟ್ತೀಯಲ್ಲೇ?" ಎಂದು ಹಾಲಮ್ಮ ಕೇಳುತ್ತಾಳೆ.

"ನೋಡಣ," ಎನ್ನುತ್ತಾಳೆ ವೇದಾ.

ಹೆಡ್‌ಮಾಸ್ಟರು ಹೇಳಿದ್ದ ಮುಂದಿನ ವರ್ಷದ ಪರೀಕ್ಷೆಗೆ ಕಟ್ಟುವ ಕೊನೆಯ ದಿನ ಹೋದ ವಾರವೇ ದಾಟಿತು. ಹಾಲಮ್ಮನಿಗೆ ಅದು ಗೊತ್ತು. ಆದರೂ ಕೇಳುತ್ತಾಳೆ.