ಹೊರಗೆ ಕೂತು ಹೇಳಿದ ಹಾಗೆ

ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಾಗ ಫೋನು ಬಂತು. ಅರಕಲಗೂಡಿನಿಂದ ತಂಗಿಯ ಗಂಡ. ಹಾಸನದ ಕಣ್ಣಿನ ಡಾಕ್ಟರು ಇನ್ನು ಮಾಡುವುದೇನೂ ಇಲ್ಲ ಎಂದರಂತೆ. ಉಳಿದಿರುವ ಅಷ್ಟಿಷ್ಟು ದೃಷ್ಟಿಯೂ ವರ್ಷದೊಳಗೆ ಹೋಗಬಹುದಂತೆ. ಕೈಯೆಲ್ಲ ಲೋಳೆ ಲೋಳೆ, ರಿಸೀವರನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದೆ. ಆಮೇಲೆ ತಂಗಿಯೇ ಮಾತಾಡಿದಳು. ಅಳಲಿಲ್ಲ.

"ಅಡುಗೆ ಹೇಗೋ ಮಾಡ್ಕೋತೀನಿ ಅಕ್ಕಾ. ಓದೋಕೆ ಮಾತ್ರ ದಿನಾ ಒಬ್ಬರ ಮುಂದೆ ಹೋಗಿ ನಿಂತ್ಕೋಬೇಕಲ್ಲ, ಅದು ನನ್ನ ಕೈಲಾಗಲ್ಲ."

ಅವಳು ಶಾಲೆಯ ಮೇಡಂ. ಚಿಕ್ಕವಳಿದ್ದಾಗ ಅಂಗಡಿಯಿಂದ ಬೆಲ್ಲದ ಪೊಟ್ಟಣ ತಂದರೆ ಬೆಲ್ಲ ನಮಗೆ ಬಿಟ್ಟು, ಕಾಗದ ಬಿಚ್ಚಿ ಓದುತ್ತಾ ಕೂರುತ್ತಿದ್ದವಳು.

ನಾವಿದ್ದದ್ದು ಹೊಳೆನರಸೀಪುರದಲ್ಲಿ. ನಮ್ಮ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಮನೆಗೆ ಕಂಪ್ಯೂಟರ್ ತಂದು ಇಂಟರ್ನೆಟ್ ಹಾಕಿಸಿದ್ದರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ ಎಂದು ಹುಡುಕಿದವರು ಅವರೇ. ಅದನ್ನು ಮಾಡುವವರು ಸಂಬಳ ತೆಗೆದುಕೊಳ್ಳುವುದಿಲ್ಲ, ಯಾರು ಕೇಳಿದರೂ ಪುಕ್ಕಟೆ ಕೊಡುತ್ತಾರೆ, ಬೇಕಾದವರು ಸೇರಿಕೊಂಡು ತಿದ್ದಬಹುದು. ನೆಗಡಿಯಾದವರ ಧ್ವನಿಯಲ್ಲಾದರೂ ಕನ್ನಡವನ್ನೂ ಓದುತ್ತಿತ್ತು. ಆದರೆ ಅದನ್ನು ಬಳಸುವುದು ಹೇಗೆಂದು ತಿಳಿಸುವ ಕನ್ನಡದ ಪುಟಗಳನ್ನು ಯಾರೋ ಶುರುಮಾಡಿ ಅರ್ಧಕ್ಕೇ ಬಿಟ್ಟಿದ್ದರು.

ಅರಕಲಗೂಡಿಗೆ ಹೋಗಿ ಅವಳ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆವು. ನಾನು ಆ ಪುಟಗಳನ್ನು ಓದಿ ಹೇಳತೊಡಗಿದೆ. 'ಪಕ್ಕದ ಚಿತ್ರದಲ್ಲಿ ತೋರಿಸಿರುವ ಗುಂಡಿಯನ್ನು ಒತ್ತಿ' ಎಂದು ಬಂತು.

"ಕಣ್ಣು ಕಾಣದೆ ಇರೋರಿಗೆ ಚಿತ್ರ ನೋಡಿ ಅಂತಾರಲ್ಲ, ಪುಣ್ಯಾತ್ಮರು" ಎಂದು ತಂಗಿ ನಕ್ಕಳು.

ಪುಟಗಳನ್ನು ನಾನು ಬರೆಯಬಹುದೇ ಎಂದು ಯಜಮಾನರ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ಆ ತಂತ್ರಾಂಶ ಮಾಡುವ ಗುಂಪಿನವರನ್ನು ಕೇಳಿದೆ. ಧಾರಾಳವಾಗಿ ಬರೆಯಿರಿ ಎಂದರು. ಆದರೆ ನಾನು ಬರೆದ ಮೊದಲ ಪುಟದಲ್ಲೂ 'ಮೇಲೆ ಎಡಗಡೆ ಕಾಣುವ' ಎಂದೇ ಬಂದುಬಿಟ್ಟಿತ್ತು. ಹರಿದುಹಾಕಿದೆ. ಆಗ ನೆನಪಾದದ್ದು ಹೊರಗೆ ಕೂರುತ್ತಿದ್ದ ದಿನಗಳು.

ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹಿತ್ತಲ ಜಗುಲಿಯಲ್ಲೇ ಕೂರಬೇಕಿತ್ತು, ಏನನ್ನೂ ಮುಟ್ಟುವಂತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ದಿನಗಳ ಅಡುಗೆ ಯಜಮಾನರದು. ಗೋಡೆಯ ಆಚೆ ಅವರು, ಈಚೆ ನಾನು. 'ಆ ಡಬ್ಬಿ' ಎಂದು ಕೈ ತೋರಿಸಿದರೆ ಅವರಿಗೆ ಕಾಣದು. 'ಬಾಗಿಲ ಕಡೆಯಿಂದ ಎರಡನೇದು, ಮುಚ್ಚಳ ಬಿಗಿಯಾಗಿರೋದು. ತೆಗೆದರೆ ಇಂಗಿನ ವಾಸನೆ ಬರಬೇಕು. ಬರದಿದ್ದರೆ ಮುಚ್ಚಿಟ್ಟು ಪಕ್ಕದ್ದು ನೋಡಿ' ಎನ್ನಬೇಕಿತ್ತು. ಸರಿಯಾದ ಕಡೆಗೆ ಬಂದೆವೆಂದು ಗೊತ್ತಾಗುವುದು ಹೇಗೆ, ಬರದಿದ್ದರೆ ಏನು ಮಾಡಬೇಕು, ಎರಡನ್ನೂ ಹೇಳದಿದ್ದರೆ ಸಾರು ಕೆಡುತ್ತಿತ್ತು. ಆ ದಿನಗಳಿಂದ ಒಂದು ಒಳ್ಳೆಯದಾದೀತೆಂದು ನಾನು ಎಣಿಸಿರಲಿಲ್ಲ. ದೇವರು ಇಟ್ಟಿದ್ದನೇನೋ.

ಹಾಗೇ ಬರೆದೆ. 'ಎಡಗೈ ತೋರುಬೆರಳನ್ನು ಕೀಲಿಮಣೆಯ ನಡುಸಾಲಿನಲ್ಲಿ ಸರಿಸಿ, ಸಣ್ಣದೊಂದು ಉಬ್ಬು ಸಿಗುತ್ತದೆ. ಕೈಯನ್ನು ಯಾವಾಗಲೂ ಅಲ್ಲಿಂದ ಶುರುಮಾಡಿ. ಹೇಳಿದ ಕೀಲಿ ಒತ್ತಿದ ಮೇಲೆ ದನಿ ಬರದಿದ್ದರೆ ಗಾಬರಿಯಾಗಬೇಡಿ, ಮತ್ತೆ ಮೊದಲಿನಿಂದ ಮಾಡಿ.' ಸಂಜೆ ದೀಪ ಹಚ್ಚಿದ ಮೇಲೆ ಫೋನಿನಲ್ಲಿ ಓದುತ್ತಿದ್ದೆ. ತಂಗಿ ಕಣ್ಣು ಮುಚ್ಚಿಕೊಂಡು ಮಾಡಿ ನೋಡಿ, ಎಲ್ಲಿ ಸಿಕ್ಕಿಕೊಂಡಳೆಂದು ಹೇಳುತ್ತಿದ್ದಳು.

ಗುಂಪಿನಲ್ಲಿ ಒಬ್ಬರು ಕನ್ನಡದ ಪುಟ ಇಂಗ್ಲಿಷಿನದಕ್ಕೆ ಹೊಂದುವುದಿಲ್ಲ ಎಂದು ತಕರಾರು ತೆಗೆದರು. ಏಕೆ ಹೀಗೆಂದು ಯಜಮಾನರು ವಿವರಿಸಿ ಬರೆದರು. ಉತ್ತರಕ್ಕೆ ವಾರಗಟ್ಟಲೆ ಕಾದೆವು. ಅವರದೂ ತಪ್ಪಲ್ಲ, ತಮ್ಮ ತಮ್ಮ ಕೆಲಸ ಮುಗಿಸಿ ಬಿಡುವಾದಾಗ ನೋಡುವವರು. ಕಣ್ಣು ಮಾತ್ರ ಕಾಯಲಿಲ್ಲ. ಆಷಾಢದ ಹೊತ್ತಿಗೆ ತಂಗಿಗೆ ಕಪ್ಪುಹಲಗೆಯೂ ಗೋಡೆಯೂ ಒಂದೇ ಆಯಿತು. ಶಾಲೆಗೆ ರಜೆ ಹಾಕಿದಳು. ಪುಟಗಟ್ಟಲೆ ಉದ್ದದ ಬರಹವನ್ನು ಓದಿಸಿಕೊಳ್ಳುವ ಭಾಗವನ್ನೇ ನಾನಿನ್ನೂ ಬರೆದಿರಲಿಲ್ಲ.

ನರಸಿಂಹಸ್ವಾಮಿ ಗುಡಿಗೆ ಹೋಗಿ, ದೃಷ್ಟಿ ಮರಳಿ ಕೊಡು ಎಂದು ಕೇಳುವಷ್ಟು ಧೈರ್ಯವಿಲ್ಲದೆ, ಇದು ಮುಗಿಯುವವರೆಗಾದರೂ ಉಳಿಸು ಎಂದು ಬೇಡಿಕೊಂಡಿದ್ದೆ. ಅದೂ ಆಗಲಿಲ್ಲ. ಗುಂಪಿನವರು ಒಪ್ಪಿ, ಪುಟಗಳು ಪೂರ್ತಿಯಾಗಿ ಎಲ್ಲರಿಗೂ ಸಿಗುವಂತಾದದ್ದು ಕಾರ್ತಿಕದಲ್ಲಿ.

ಒಂದು ಬೆಳಿಗ್ಗೆ ದೋಸೆಗೆ ನೆನೆಸಿದ ಅಕ್ಕಿಯನ್ನು ಗ್ರೈಂಡರಿಗೆ ಹಾಕುತ್ತಿದ್ದೆ. ತಂಗಿಯ ಫೋನು.

"ನಿನ್ನ ಪುಟ ನಾನೇ ತೆಗೆದು ಓದಿಸ್ಕೊಂಡೆ ಕಣೇ. ಮನೇಲಿ ಯಾರೂ ಇರ್ಲಿಲ್ಲ."

ಎಲ್ಲಾ ಸರಿಯಾಗಿ ಬಂತಾ ಎಂದು ಕೇಳಿದೆ.

"ಒಂದು ಕಡೆ ತಪ್ಪಿದೆ. ಟ್ಯಾಬ್ ಕೀಲಿ ಒಂದು ಸಲ ಅಂದಿದೀಯ, ಅಲ್ಲಿ ಎರಡು ಸಲ ಒತ್ತಬೇಕು. ತಿದ್ದು. ಇನ್ನೊಬ್ಬರು ಸಿಕ್ಕಿಹಾಕ್ಕೋತಾರೆ."

ತಿದ್ದುತ್ತೇನೆಂದೆ. ಆಮೇಲೆ ಕೇಳಬಾರದಿದ್ದರೂ ಕೇಳಿದೆ, ಬೆಳಕಾದರೂ ಗೊತ್ತಾಗುತ್ತಾ ಎಂದು.

"ಇಲ್ಲ ಅಕ್ಕಾ. ಲೈಟ್ ಹಾಕಿದೀನೋ ಇಲ್ವೋ ಅಂತ ಸ್ವಿಚ್ ಮುಟ್ಟಿ ನೋಡ್ಕೋತೀನಿ."

ಯಾರನ್ನೂ ಕೇಳದೆ ಓದಿದಳಲ್ಲ. ದೇವರು ಕೊಟ್ಟದ್ದು ಅಷ್ಟು. ಫೋನಿಟ್ಟು ಒಳಗೆ ಬಂದೆ. ಕರೆಂಟು ಹೋಗುವುದರೊಳಗೆ ಅಕ್ಕಿ ರುಬ್ಬಿಕೊಳ್ಳಬೇಕಿತ್ತು. ಉದ್ದು ತೊಳೆಯುವುದೂ ಇನ್ನೂ ಉಳಿದಿತ್ತು.