ಬಸ್ಸಿಗೆ ಕೈ ಬೀಸುತ್ತಿದ್ದ ಆಂಟಿ

ಅಂದು ಬೆಳಿಗ್ಗೆ ಉದ್ದು ನೆನೆಹಾಕಿದೆ, ಬಟ್ಟೆ ಒಣಹಾಕಿದೆ, ಮಗಳಿಗೆ ಜಡೆ ಹೆಣೆದು ಕೆಳಗಿಳಿದು ಶಾಲೆಯ ಬಸ್ಸು ಹತ್ತಿಸಿದೆ. ನಮ್ಮ ಬ್ಲಾಕಿನಲ್ಲಿ ಒಬ್ಬ ಅಮೆರಿಕನ್ ಹೆಂಗಸಿದ್ದರು. ಕಪ್ಪು ಜನಾಂಗದವರು, ಐವತ್ತು ದಾಟಿದವರು, ಮಕ್ಕಳಿಗೆಲ್ಲ ಆಂಟಿ. ಎಂದಿನಂತೆ ಕಾಫಿ ಮಗ್ಗನ್ನು ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ನೆಲದ ಮೇಲಿಟ್ಟು, ಬಸ್ಸು ಮರೆಯಾಗುವವರೆಗೂ ಎರಡೂ ಕೈ ಬೀಸಿ ಕೂಗಿದರು: "ಸೀ ಯು ಆಫ್ಟರ್ ಸ್ಕೂಲ್, ಹನಿ!"

"ಅಮ್ಮಾ, ಫ್ರೆಂಡ್ಸ್ ಎಲ್ಲಾ ನಗ್ತಾರೆ. ಆಂಟಿಗೆ ಕೈ ಬೀಸೋದು ಬೇಡ ಅಂತ ಹೇಳು ಲಾ," ಎಂದು ಮಗಳು ಇಲ್ಲಿನ ಮಕ್ಕಳಂತೆ ‘ಲಾ’ ಸೇರಿಸಿ ಹಿಂದಿನ ದಿನವೇ ಅತ್ತಿದ್ದಳು. ನೇರವಾಗಿ ಹೇಳಲು ಬಾಯಿ ಬಾರದೆ, ಬಸ್ಸು ಹೋದ ಮೇಲೆ ಆಂಟಿಯನ್ನು ದಿನಾ ಯಾಕಿಷ್ಟು ತೊಂದರೆ ತಗೋತೀರಿ ಎಂದು ಕೇಳಿದೆ.

ಅವರು ನಕ್ಕು, ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಎಪ್ಪತ್ತರ ದಶಕ. ಕಪ್ಪು ಮಕ್ಕಳನ್ನ ಬಿಳಿಯರ ಶಾಲೆಗೆ ಬಸ್ಸಲ್ಲಿ ಕಳಿಸಿ ಅಂತ ಕೋರ್ಟು ಹೇಳಿತ್ತು. ನಮ್ಮ ಬಸ್ಸಿಗೂ ರಸ್ತೆ ತುಂಬ ಬಿಳಿ ಜನ ಕಾಯ್ತಿದ್ರು, ಬೈಯೋಕೆ, ಕಲ್ಲು ಹೊಡೆಯೋಕೆ. ಕೈ ಬೀಸೋಕೆ ಅಂತ ಒಬ್ರೂ ನಿಂತಿರ್ಲಿಲ್ಲ. ಕಿಟಕಿ ಪಕ್ಕ ಕೂರಬೇಡ ಅಂತ ಅಮ್ಮ ದಿನಾ ಹೇಳಿ ಕಳಿಸ್ತಿದ್ಲು."

ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಮೇಲೆ ಬಂದೆ. ಸಂಜೆ ಮಗಳಿಗೆ ಇದನ್ನೆಲ್ಲ ಹೇಳಿದೆ.

ರಾತ್ರಿ ಚಪಾತಿ, ಬದನೆಕಾಯಿ ಪಲ್ಯ ತಿಂದೆವು. "ನಾಳೆ ನಾನು ಕಿಟಕಿ ಪಕ್ಕಾನೇ ಕೂರೋದು," ಎಂದು ಹೇಳಿ ಮಗಳು ಎಲ್ಲರಿಗಿಂತ ಮೊದಲು ಮಲಗಿದಳು.